ನೋವಿಲ್ಲದ ಗಂಟು

ನಮಸ್ಕಾರ. ಇವತ್ತು ಸ್ತನದ ಬಗ್ಗೆ ಮಾತಾಡೋಣ. ಪಕ್ಕದಲ್ಲಿ ಗಂಡಸರಿದ್ದಾರೆ ಅಂತ ರೇಡಿಯೊ ಸದ್ದು ಇಳಿಸಬೇಡಿ. ಅವರೂ ಕೇಳಲಿ. ಅಪರೂಪಕ್ಕೆ ಅವರಿಗೂ ಸ್ತನ ಕ್ಯಾನ್ಸರ್ ಬರುತ್ತದೆ.

ನಾನು ಹೇಳಲು ಬಂದಿರುವುದು ಒಂದೇ ಮಾತು. ಗಂಟು ಕೈಗೆ ಸಿಕ್ಕರೆ, ನೋವಿಲ್ಲ ಅಂತ ಸುಮ್ಮನಿರಬೇಡಿ.

ಬಟ್ಟೆ ಹೊಲಿಯುವ ಹೆಂಗಸೊಬ್ಬರು ನನ್ನ ಹತ್ತಿರ ಬಂದಿದ್ದರು. ಕೂತವರೇ ಮೇಜಿನ ಹೊದಿಕೆ ಸವರಿ, 'ಇಲ್ಲೊಂದು ನೂಲು ಗಂಟಾಗಿದೆ ನೋಡಿ ಡಾಕ್ಟ್ರೇ' ಅಂದರು. ಕನ್ನಡಕ ಹಾಕಿಕೊಂಡರೂ ನನಗೆ ಕಾಣಲಿಲ್ಲ. ಅಂಥ ಬೆರಳು! ಆದರೆ ಅವರ ಎಡ ಸ್ತನದಲ್ಲಿ, ಕಂಕುಳ ಕಡೆಗೆ, ನಿಂಬೆಹಣ್ಣಿನಷ್ಟು ಗಂಟು. ಯಾವಾಗಿನಿಂದ ಅಂತ ಕೇಳಿದೆ. 'ಮೊದಲು ಬಟಾಣಿಯಷ್ಟಿತ್ತು. ಸ್ನಾನ ಮಾಡುವಾಗ ಸಿಕ್ಕಿತು. ನೋವಿರಲಿಲ್ವಲ್ಲ, ಬಿಟ್ಟೆ' ಅಂದರು. ಎಷ್ಟು ದಿನ ಬಿಟ್ಟರು ಗೊತ್ತಾ? 11 ತಿಂಗಳು! ನನಗೆ ಸಿಟ್ಟು ಬಂತು. ತೋರಿಸಿಕೊಳ್ಳಲಿಲ್ಲ ಅಂತ ಅಂದುಕೊಂಡಿದ್ದೇನೆ. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಯಿತು. ಈಗ ಮತ್ತೆ ಮೆಷಿನ್ ತುಳಿಯುತ್ತಿದ್ದಾರೆ, ನನ್ನ ಪುಣ್ಯ. ಬಟಾಣಿಯಷ್ಟಿದ್ದಾಗಲೇ ಬರಬಹುದಿತ್ತು, ಅಲ್ವಾ?

ಹಲ್ಲು ನೋವಾದರೆ ಅವತ್ತೇ ಓಡುತ್ತೀರಿ. ಈ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಮೋಸ ಇರುವುದೇ ಅಲ್ಲಿ.

ಅಯ್ಯೋ, ಸಮಯ ಓಡಿತು. ಸ್ತನವನ್ನು ನೀವೇ ಪರೀಕ್ಷೆ ಮಾಡಿಕೊಳ್ಳುವುದು ಹೇಗೆ ಅಂತ ಬೇಗ ಹೇಳುತ್ತೇನೆ. ಮುಟ್ಟು ಶುರುವಾದ 7ರಿಂದ 10 ದಿನಕ್ಕೆ ನೋಡಿಕೊಳ್ಳಿ, ಆಗ ಸ್ತನದ ಬಿಗಿ ಇಳಿದಿರುತ್ತದೆ. ಮುಟ್ಟು ನಿಂತವರು ತಿಂಗಳಿಗೊಂದು ತಾರೀಖು ಇಟ್ಟುಕೊಳ್ಳಿ. ಮೊದಲು ಕನ್ನಡಿ ಮುಂದೆ ಕೈ ಮೇಲೆತ್ತಿ ನೋಡಿ. ಚರ್ಮ ಒಳಕ್ಕೆ ಎಳೆದಂತಿದೆಯಾ, ಕಿತ್ತಳೆ ಸಿಪ್ಪೆಯ ಹಾಗಾಗಿದೆಯಾ, ತೊಟ್ಟು ಹೊಸದಾಗಿ ಒಳಗೆ ಸರಿದಿದೆಯಾ? ಆಮೇಲೆ ಮಲಗಿ, ಬಲ ಸ್ತನಕ್ಕೆ ಎಡಗೈ, ಎಡಕ್ಕೆ ಬಲಗೈ. ನಡುವಿನ 3 ಬೆರಳು ಸಾಕು. ಉಗುರಿನ ತುದಿ ಬೇಡ, ಬೆರಳಿನ ಮೆತ್ತನೆ ಭಾಗದಿಂದ ಸಣ್ಣ ಸಣ್ಣ ಸುತ್ತು ಹಾಕಿ. ಮೊದಲು ಹಗುರ, ಆಮೇಲೆ ಪಕ್ಕೆಲುಬು ಸಿಗುವಷ್ಟು ಒತ್ತಿ. ಕಂಕುಳು ಮರೆಯಬೇಡಿ, ಎಲ್ಲರೂ ಮರೆಯುವುದು ಅದನ್ನೇ.

ಮೊದಲ ಸಲ ಎಲ್ಲವೂ ಗಂಟೇ ಅನಿಸುತ್ತದೆ. ಎರಡು ಮೂರು ತಿಂಗಳಲ್ಲಿ ನಿಮ್ಮದು ಹೇಗಿದೆ ಅಂತ ಕೈಗೆ ಗೊತ್ತಾಗುತ್ತದೆ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಅಲ್ಲ ಅಂತ ಹೇಳಬೇಕಾದವರು ನಾವು, ಪಕ್ಕದ ಮನೆಯವರಲ್ಲ.

ಕೈಗೆ ಏನೂ ಸಿಗಲಿಲ್ಲ ಅಂತ ಡಾಕ್ಟರು ಹೇಳಿದ ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್-ರೇ, ಬಿಡಬೇಡಿ. ಬೆರಳಿಗೆ ಸಿಗದ್ದು ಅದರಲ್ಲಿ ಕಾಣಬಹುದು. ತೊಟ್ಟಿನಿಂದ ರಕ್ತ ಬಂದರೆ ಮುಂದಿನ ತಿಂಗಳವರೆಗೆ ಕಾಯಬೇಡಿ, ನೋವಿಲ್ಲದಿದ್ದರೂ ಬನ್ನಿ. ನಮಸ್ಕಾರ.