ಸ್ಕ್ಯಾನ್ ಚಿತ್ರದಲ್ಲಿ ಡಾಕ್ಟರ್ ನಿಜಕ್ಕೂ ಏನು ನೋಡುತ್ತಾರೆ?

[ಪರದೆ: ತಲೆಯ ಸಿಟಿ ಸ್ಕ್ಯಾನ್‌ನ ಒಂದು ಸ್ಲೈಸ್. ನಿಧಾನವಾಗಿ ಹತ್ತಿರ ಹೋದಂತೆ ಚುಕ್ಕಿಗಳ ಮೇಲೆ ಸಂಖ್ಯೆಗಳು ಕಾಣುತ್ತವೆ]

ನಮಸ್ಕಾರ. ಪರದೆ ಮೇಲಿರುವುದು ತಲೆಯ ಸಿಟಿ ಸ್ಕ್ಯಾನ್. ನೋಡೋಕೆ ಕಪ್ಪು ಬಿಳುಪು ಫೋಟೋ ಥರಾನೇ ಇದೆ, ಅಲ್ವಾ? ಸ್ವಲ್ಪ ಹತ್ತಿರ ಹೋಗೋಣ. ಅಡ್ಡಕ್ಕೆ 512 ಚುಕ್ಕಿ, ಉದ್ದಕ್ಕೆ 512 ಚುಕ್ಕಿ. ಪ್ರತಿ ಚುಕ್ಕಿಯ ಹಿಂದೆಯೂ ಒಂದು ಸಂಖ್ಯೆ ಕೂತಿದೆ. ಆ ಜಾಗದಲ್ಲಿರುವ ಅಂಗಾಂಶ ಎಕ್ಸ್-ರೇಯನ್ನು ಎಷ್ಟು ತಡೆಯಿತು ಅನ್ನುವ ಅಳತೆ ಅದು. ಒಂದೇ ಸ್ಲೈಸ್‌ನಲ್ಲಿ, ಅಂದರೆ ತಲೆಯ ಒಂದು ತೆಳು ಪದರದ ಚಿತ್ರದಲ್ಲಿ, ಇಂಥ ಅಳತೆಗಳು ಎರಡೂವರೆ ಲಕ್ಷಕ್ಕಿಂತ ಜಾಸ್ತಿ. ನಮ್ಮ ಕಣ್ಣಿಗೆ ಕಾಣುವುದು ಆ ಅಳತೆಗಳಿಗೆ ಹಚ್ಚಿದ ಬಣ್ಣ ಮಾತ್ರ.

"ಒಂದು ಸ್ಕ್ಯಾನ್ ಮಾಡಿಸಿಬಿಟ್ಟರೆ ಎಲ್ಲ ಗೊತ್ತಾಗುತ್ತೆ" ಅಂತ ತುಂಬಾ ಜನ ನಂಬಿದ್ದಾರೆ. ಹಾಗೆ ಎಲ್ಲ ಗೊತ್ತಾಗುವುದಿಲ್ಲ. ಯಾವ ಪ್ರಶ್ನೆ ಇಟ್ಟುಕೊಂಡು ಸ್ಕ್ಯಾನ್ ಮಾಡಿದರೋ, ಹೆಚ್ಚಾಗಿ ಅದಕ್ಕೇ ಉತ್ತರ ಸಿಗುತ್ತದೆ. ಈ ವಿಡಿಯೋದಲ್ಲಿ ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ.

[ಪರದೆ: ಅಳತೆಪಟ್ಟಿ, ಮೈನಸ್ 1000ದಿಂದ ಪ್ಲಸ್ 1000]

ಈ ಸಂಖ್ಯೆಗಳಿಗೆ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರ್ ಅವರ ಹೆಸರನ್ನೇ ಇಟ್ಟಿದ್ದಾರೆ, ಹೌನ್ಸ್‌ಫೀಲ್ಡ್ ಯೂನಿಟ್ ಅಂತ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಅವರ ಯಂತ್ರದಿಂದ ಮೊದಲ ಬಾರಿ ಒಬ್ಬ ರೋಗಿಯ ಮಿದುಳನ್ನು ಸ್ಕ್ಯಾನ್ ಮಾಡಲಾಯಿತು. ಆಗಿನ ಚಿತ್ರ ಅಡ್ಡಕ್ಕೆ 80 ಚುಕ್ಕಿ, ಉದ್ದಕ್ಕೆ 80 ಚುಕ್ಕಿ, ಅಷ್ಟೇ. ಆದರೂ ತಲೆಬುರುಡೆ ತೆರೆಯದೆ ಒಳಗಿನ ಗಡ್ಡೆ ಕಂಡಿತು. 1979ರಲ್ಲಿ ಅವರಿಗೂ, ಇಂಥ ಸ್ಕ್ಯಾನ್‌ನ ಹಿಂದಿನ ಗಣಿತ ರೂಪಿಸಿದ ಅಲನ್ ಕಾರ್ಮಾಕ್ ಅವರಿಗೂ ನೊಬೆಲ್ ಬಂತು.

ಈ ಅಳತೆಯಲ್ಲಿ ನೀರು ಅಂದರೆ 0. ಗಾಳಿ ಮೈನಸ್ 1000. ಕೊಬ್ಬು ಸುಮಾರು ಮೈನಸ್ 100. ಮಿದುಳು 20ರಿಂದ 40ರ ಆಸುಪಾಸು. ಆಗಷ್ಟೇ ಸೋರಿ ಹೆಪ್ಪುಗಟ್ಟಿದ ರಕ್ತ 50ರಿಂದ 80. ಗಟ್ಟಿ ಮೂಳೆ 1000 ದಾಟುತ್ತದೆ. ಈಗ ಕಷ್ಟ ಎಲ್ಲಿದೆ ನೋಡಿ. ಮಿದುಳಿಗೂ ಹೆಪ್ಪುಗಟ್ಟಿದ ರಕ್ತಕ್ಕೂ ಇರುವ ಅಂತರ ಬರೀ 20, 30. ಸಾವಿರಾರು ಮೆಟ್ಟಿಲುಗಳನ್ನು ಒಟ್ಟಿಗೆ ಬೂದು ಬಣ್ಣದಲ್ಲಿ ತೋರಿಸಿದರೆ ಈ ಅಂತರ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಓದುವ ಡಾಕ್ಟರ್, 0ಯಿಂದ 80ರವರೆಗಿನ ಭಾಗವನ್ನು ಮಾತ್ರ ಆರಿಸಿ ಕಪ್ಪಿನಿಂದ ಬಿಳಿಯವರೆಗೆ ಹರಡುತ್ತಾರೆ. ಇದಕ್ಕೆ ವಿಂಡೋ ಅಂತಾರೆ.

[ಪರದೆ: ಒಂದೇ ಎದೆಯ ಸ್ಲೈಸ್, ಎರಡು ವಿಂಡೋಗಳಲ್ಲಿ]

ಎದೆಯ ಸ್ಕ್ಯಾನ್‌ನಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಎಡಗಡೆ ಹೃದಯ, ರಕ್ತನಾಳಗಳಿಗೆ ಹೊಂದಿಸಿದ ವಿಂಡೋ. ಶ್ವಾಸಕೋಶ ಇರುವ ಕಡೆ ಪೂರ್ತಿ ಕಪ್ಪು. ಬಲಗಡೆ ಅದೇ ಸ್ಲೈಸ್, ಅದೇ ಸಂಖ್ಯೆಗಳು, ವಿಂಡೋ ಮಾತ್ರ ಬೇರೆ. ಇಲ್ಲಿ ಶ್ವಾಸಕೋಶದ ಎಳೆ ಎಳೆಯೂ ಕಾಣುತ್ತದೆ. ಈ ಮೂಲೆಯಲ್ಲಿ ಒಂದು ಸಣ್ಣ ಗಂಟು ಇದೆ. ಎಡಗಡೆ ಚಿತ್ರದಲ್ಲಿ ಅದು ಇಲ್ಲವೇ ಇಲ್ಲ!

ಆ ಗಂಟಿಗೆ ಆಮೇಲೆ ಬರೋಣ. ಮೊದಲು ಸ್ಟ್ರೋಕ್, ಅಂದರೆ ಲಕ್ವ ಹೊಡೆಯುವುದು.

ಒಬ್ಬರಿಗೆ ಇದ್ದಕ್ಕಿದ್ದಂತೆ ಬಾಯಿ ವಾರೆಯಾಯಿತು, ಒಂದು ಕೈ ಸ್ವಾಧೀನ ತಪ್ಪಿತು. ರಕ್ತನಾಳ ಕಟ್ಟಿಕೊಂಡಿರಬಹುದು, ಇಲ್ಲವೇ ಒಡೆದಿರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಚಿಕಿತ್ಸೆ ಮಾತ್ರ ತದ್ವಿರುದ್ಧ. ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಔಷಧ, ಅದೂ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ. ಒಡೆದಿದ್ದರೆ ಅದೇ ಔಷಧ ಪ್ರಾಣ ತೆಗೆಯಬಹುದು. ಹಾಗಾಗಿ ಮೊದಲ ಸಿಟಿ ಸ್ಕ್ಯಾನ್‌ಗೆ ಡಾಕ್ಟರ್ ಕೇಳುವ ಪ್ರಶ್ನೆ ಒಂದೇ: ರಕ್ತ ಸೋರಿದೆಯಾ? ಸೋರಿದ್ದರೆ ಬಿಳಿ ಮಚ್ಚೆ ಕಾಣುತ್ತದೆ.

ಕಟ್ಟಿಕೊಂಡಿದ್ದರೆ? ಮೊದಲ ಗಂಟೆಗಳಲ್ಲಿ ಸಿಟಿ ಪೂರ್ತಿ ನಾರ್ಮಲ್ ಆಗಿಯೇ ಕಾಣಬಹುದು. ಮನೆಯವರು ಇದನ್ನು ಕೇಳಿ "ಸದ್ಯ, ಏನೂ ಇಲ್ಲವಂತೆ" ಅಂದುಕೊಂಡರೆ ತಪ್ಪು. ಅಲ್ಲಿ "ನಾರ್ಮಲ್" ಅಂದರೆ ರಕ್ತ ಸೋರಿಲ್ಲ, ಔಷಧ ಕೊಡುವ ದಾರಿ ತೆರೆದಿದೆ ಅಂತ.

[ಪರದೆ: ಎಂಆರ್‌ಐ ಡಿಫ್ಯೂಷನ್ ಚಿತ್ರ, ಪಕ್ಕದಲ್ಲಿ ಎಡಿಸಿ ಮ್ಯಾಪ್]

ಇಂಥ ಕಡೆ ಎಂಆರ್‌ಐ ಬೇರೆ ಪ್ರಶ್ನೆ ಕೇಳುತ್ತದೆ. ಅಂಗಾಂಶದೊಳಗೆ ನೀರಿನ ಕಣಗಳು ಎಷ್ಟು ಸಲೀಸಾಗಿ ಓಡಾಡುತ್ತಿವೆ ಅಂತ. ರಕ್ತ ಸಿಗದ ಜೀವಕೋಶ ಊದಿಕೊಳ್ಳುತ್ತದೆ, ನೀರಿನ ಓಡಾಟಕ್ಕೆ ಅಡ್ಡಿಯಾಗುತ್ತದೆ. ಡಿಫ್ಯೂಷನ್ ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಆದರೆ ಹಳೆಯ ಪೆಟ್ಟಿನ ಜಾಗವೂ ಕೆಲವೊಮ್ಮೆ ಹೀಗೇ ಹೊಳೆಯುತ್ತದೆ. ಹೊಸತು ಯಾವುದು, ಹಳೆಯದು ಯಾವುದು ಅಂತ ಹೇಗೆ ತಿಳಿಯುವುದು? ಬೇರೆ ಬೇರೆ ತೀವ್ರತೆಯಲ್ಲಿ ತೆಗೆದ ಚಿತ್ರಗಳನ್ನು ಕಂಪ್ಯೂಟರ್ ಚುಕ್ಕಿಗೆ ಚುಕ್ಕಿ ಹೋಲಿಸಿ, ಲೆಕ್ಕ ಹಾಕಿ, ಎಡಿಸಿ ಮ್ಯಾಪ್ ಅನ್ನುವ ಹೊಸ ಚಿತ್ರ ಕಟ್ಟುತ್ತದೆ. ಮೊದಲನೆಯದರಲ್ಲಿ ಬೆಳ್ಳಗಿದ್ದು ಇದರಲ್ಲಿ ಕಪ್ಪಾಗಿದ್ದರೆ, ಪೆಟ್ಟು ಹೊಸದು. ಈ ಎರಡನೇ ಚಿತ್ರವನ್ನು ಯಂತ್ರ ನೇರವಾಗಿ ತೆಗೆದೇ ಇಲ್ಲ. ಅದು ಲೆಕ್ಕದಿಂದ ಹುಟ್ಟಿದ್ದು. ನನಗಂತೂ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಈ ಲೆಕ್ಕಗಳು ಚಿಕಿತ್ಸೆಯನ್ನೇ ಬದಲಿಸಿವೆ. ದೊಡ್ಡ ರಕ್ತನಾಳದ ಹೆಪ್ಪನ್ನು ಕೊಳವೆ ತೂರಿಸಿ ಹೊರತೆಗೆಯುವ ಚಿಕಿತ್ಸೆಯನ್ನು ಮೊದಲು ಹೆಚ್ಚಾಗಿ 6 ಗಂಟೆಯೊಳಗೆ ಮಾಡುತ್ತಿದ್ದರು. 2018ರ ಆರಂಭದ ಹೊತ್ತಿಗೆ ಡಾನ್ ಮತ್ತು ಡಿಫ್ಯೂಸ್ 3 ಎಂಬ ಎರಡು ಪ್ರಯೋಗಗಳ ಫಲಿತಾಂಶ ಬಂತು. ಈಗಾಗಲೇ ಸತ್ತ ಭಾಗ ಎಷ್ಟು, ಇನ್ನೂ ಉಳಿಸಬಹುದಾದ ಭಾಗ ಎಷ್ಟು ಅಂತ ಸ್ಕ್ಯಾನ್‌ನಿಂದ ಅಳೆದು, ಕೆಲವು ರೋಗಿಗಳಿಗೆ 16 ಗಂಟೆ, 24 ಗಂಟೆಯವರೆಗೂ ಚಿಕಿತ್ಸೆ ಕೊಡಬಹುದು ಅಂತ ಅವು ತೋರಿಸಿದವು. ಹಾಗಂತ ಯಾರೂ ಕಾಯಬಾರದು. ಪ್ರತಿ ನಿಮಿಷವೂ ಮಿದುಳು ಸಾಯುತ್ತಿರುತ್ತದೆ.

[ಪರದೆ: ಶ್ವಾಸಕೋಶದ ಗಂಟು, 8 ಮಿ.ಮೀ. ಮತ್ತು 10 ಮಿ.ಮೀ.]

ಈಗ ಆ ಗಂಟು. ಇಂಥ ಸಣ್ಣ ಗಂಟುಗಳಲ್ಲಿ ಹೆಚ್ಚಿನವು ಅಪಾಯವಿಲ್ಲದವು. ಕ್ಯಾನ್ಸರ್ ಹೌದೋ ಅಲ್ಲವೋ ಅಂತ ತಿಳಿಯಲು ದೊಡ್ಡ ಸುಳಿವು ಬೆಳವಣಿಗೆ. ಕಳೆದ ಸಲ 8 ಮಿಲಿಮೀಟರ್ ಇತ್ತು, ಈಗ 10. "ಎರಡೇ ಮಿಲಿಮೀಟರ್ ತಾನೆ" ಅನ್ನಿಸುತ್ತದೆ. ಗುಂಡಗಿರುವ ವಸ್ತು ಎಲ್ಲ ದಿಕ್ಕಿಗೂ ಬೆಳೆಯುತ್ತದೆ. ಗಾತ್ರ ಲೆಕ್ಕ ಹಾಕಿ: 268 ಘನ ಮಿಲಿಮೀಟರ್ ಇದ್ದದ್ದು 524 ಆಗಿದೆ. ಹೆಚ್ಚುಕಡಿಮೆ ಎರಡು ಪಟ್ಟು! ಅಡ್ಡಳತೆ ಮಾತ್ರ ನೋಡಿದರೆ ಇದು ತಪ್ಪಿಹೋಗಬಹುದು. ಅದಕ್ಕೇ ಸಾಫ್ಟ್‌ವೇರ್‌ನಿಂದ ಇಡೀ ಗಂಟಿನ ಅಂಚು ಗುರುತಿಸಿ ಗಾತ್ರ ಅಳೆಯುತ್ತಾರೆ.

ಇಲ್ಲೊಂದು ಮಾತು, ದಯವಿಟ್ಟು ಕೇಳಿ. ಹೋಲಿಸಲು ಹಳೆಯ ಸ್ಕ್ಯಾನ್ ಬೇಕೇ ಬೇಕು. ರಿಪೋರ್ಟ್ ಕಾಗದ ಸಾಲದು. ಫಿಲ್ಮ್‌ ಅನ್ನು ಮೊಬೈಲ್‌ನಲ್ಲಿ ಕ್ಲಿಕ್ಕಿಸಿ ಇಟ್ಟುಕೊಂಡರೆ ವಿಂಡೋ ಬದಲಿಸಲೂ ಆಗಲ್ಲ, ಅಳೆಯಲೂ ಆಗಲ್ಲ. ಸ್ಕ್ಯಾನ್ ಮಾಡಿದ ಕಡೆ ಡೈಕಾಮ್ ಫೈಲ್, ಅಂದರೆ ಅಳತೆಗಳೆಲ್ಲ ಇರುವ ಮೂಲ ಫೈಲ್, ಕೇಳಿ ಪಡೆಯಿರಿ, ಸಿ.ಡಿ.ಯಲ್ಲೋ ಪೆನ್‌ಡ್ರೈವ್‌ನಲ್ಲೋ. ಜೋಪಾನ ಮಾಡಿ.

[ಪರದೆ: ಶ್ವಾಸಕೋಶದ ಸ್ಲೈಸ್, ಮೂಲೆಯಲ್ಲಿ ಗೊರಿಲ್ಲಾ ಆಕಾರ]

ನುರಿತ ಕಣ್ಣಿಗೂ ಮಿತಿ ಇದೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 24 ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಗಂಟು ಹುಡುಕಲು ಹೇಳಿದರು. ಸ್ಕ್ಯಾನ್‌ನಲ್ಲಿ ಗಂಟಿನ 48 ಪಟ್ಟು ದೊಡ್ಡ ಗೊರಿಲ್ಲಾ ಚಿತ್ರವನ್ನೂ ಸೇರಿಸಿದ್ದರು. 20 ಜನರಿಗೆ ಅದು ಕಾಣಲೇ ಇಲ್ಲ. ಅವರಲ್ಲಿ ಹೆಚ್ಚಿನವರ ಕಣ್ಣು ನೇರ ಅದರ ಮೇಲೇ ಹಾದುಹೋಗಿತ್ತು. ಅವರು ದಡ್ಡರು ಅಂತ ಅಲ್ಲ. ಗಂಟು ಹುಡುಕುತ್ತಿದ್ದ ಮನಸ್ಸು ಗಂಟನ್ನೇ ಹುಡುಕಿತು.

ಹಾಗಾದರೆ ಕಂಪ್ಯೂಟರ್ ಕೈಗೇ ಕೊಟ್ಟರೆ ಹೇಗೆ? ಒಳ್ಳೆಯ ಫಲಿತಾಂಶಗಳು ನಿಜಕ್ಕೂ ಇವೆ. ಸ್ವೀಡನ್ನಿನಲ್ಲಿ 80,000ಕ್ಕೂ ಹೆಚ್ಚು ಮಹಿಳೆಯರ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ ಮೇಲೆ ನಡೆದ ಮಸಾಯ್ ಪ್ರಯೋಗದ ಮೊದಲ ವರದಿ 2023ರಲ್ಲಿ ಬಂತು. ಎಐ ನೆರವಿದ್ದ ಗುಂಪಿನಲ್ಲಿ 244 ಕ್ಯಾನ್ಸರ್, ಇಬ್ಬರು ಡಾಕ್ಟರ್ ಓದುವ ಮಾಮೂಲಿ ಪದ್ಧತಿಯಲ್ಲಿ 203 ಪತ್ತೆಯಾದವು. ಚಿತ್ರ ಓದುವ ಕೆಲಸವೂ 44% ಕಡಿಮೆಯಾಯಿತು. ಕ್ಷಯ ರೋಗದ ತಪಾಸಣೆಯಲ್ಲಿ ಎದೆ ಎಕ್ಸ್-ರೇ ಓದಲು, 15 ವರ್ಷ ಮತ್ತು ಮೇಲ್ಪಟ್ಟವರಿಗೆ, ಸಾಫ್ಟ್‌ವೇರ್ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು.

ಇನ್ನೊಂದು ಮುಖವೂ ಇದೆ. 2018ರ ಒಂದು ಅಧ್ಯಯನದಲ್ಲಿ ನ್ಯುಮೋನಿಯಾ ಹುಡುಕಲು ಕಲಿತ ಪ್ರೋಗ್ರಾಂ, ಎಕ್ಸ್-ರೇ ಯಾವ ಆಸ್ಪತ್ರೆಯಿಂದ ಬಂದಿದೆ ಅನ್ನುವುದನ್ನೂ ಕಲಿತುಬಿಟ್ಟಿತ್ತು. ಎಡ ಬಲ ತೋರಿಸಲು ಇಡುವ ಲೋಹದ ಗುರುತಿನಂಥ ಸುಳಿವುಗಳು ಅದಕ್ಕೆ ಸಾಕಾದವು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ಜಾಸ್ತಿ ಇದ್ದರೆ ಶ್ವಾಸಕೋಶ ನೋಡದೆಯೇ ಅಂಕ ಗಿಟ್ಟಿಸಬಹುದು! ಹೊಸ ಜಾಗಕ್ಕೆ ಹೋದಾಗ ಅದು ಎಡವುತ್ತದೆ. ಆದ್ದರಿಂದ ಯಾವುದೇ ಎಐ ಬಗ್ಗೆ "ಎಷ್ಟು ಪರ್ಸೆಂಟ್ ಸರಿ" ಅನ್ನುವುದಕ್ಕಿಂತ ಮೊದಲು, ಯಾರ ಚಿತ್ರಗಳ ಮೇಲೆ, ಯಾವ ಯಂತ್ರಗಳ ಮೇಲೆ ಪರೀಕ್ಷಿಸಿದ್ದಾರೆ ಅಂತ ಕೇಳಬೇಕು.

[ಪರದೆ: ವಿಕಿರಣದ ಪ್ರಮಾಣ, ಹೋಲಿಕೆಯ ಪಟ್ಟಿ]

ಸುಮ್ನೆ ಒಂದ್ಸಲ ನೋಡಿಬಿಡೋಣ ಅಂತ ಸ್ಕ್ಯಾನ್ ಮಾಡಿಸುವ ಯೋಚನೆ ಇದ್ದರೆ ಇದನ್ನೂ ತಿಳಿದಿರಿ. ಪ್ರಕೃತಿಯಿಂದ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಎದೆಯ ಎಕ್ಸ್-ರೇ ಸುಮಾರು 0.1 ಅಥವಾ ಇನ್ನೂ ಕಡಿಮೆ. ಹೊಟ್ಟೆಯ ಸಿಟಿ 10ರ ಹತ್ತಿರ ಹೋಗಬಹುದು. ಅಗತ್ಯ ಇದ್ದಾಗ ಇದಕ್ಕೆ ಹೆದರಿ ಹಿಂಜರಿಯಬೇಡಿ, ಲಾಭವೇ ಜಾಸ್ತಿ. ಅಲ್ಟ್ರಾಸೌಂಡ್‌ಗೂ ಎಂಆರ್‌ಐಗೂ ಈ ವಿಕಿರಣವೇ ಇಲ್ಲ.

ಡಾಕ್ಟರ್ ಸ್ಕ್ಯಾನ್ ಬರೆದುಕೊಟ್ಟಾಗ ಕೇಳಿ: "ಇದರಲ್ಲಿ ಏನು ಹುಡುಕುತ್ತಿದ್ದೀರಿ ಡಾಕ್ಟ್ರೇ? ಉತ್ತರ ಬಂದ ಮೇಲೆ ಚಿಕಿತ್ಸೆ ಬದಲಾಗುತ್ತಾ?" ಆ ಚೀಟಿಯಲ್ಲಿ ನಿಮ್ಮ ತೊಂದರೆ ಏನು, ಎಲ್ಲಿ, ಎಷ್ಟು ದಿನದಿಂದ ಅಂತ ಬರೆದಿದೆಯಾ ನೋಡಿ. ಬರೀ "ಹೊಟ್ಟೆ ಸಿಟಿ" ಅಂತಿದ್ದರೆ ಇನ್ನೊಂದು ಸಾಲು ಸೇರಿಸಲು ಹೇಳಿ. ಹಳೇ ಆಪರೇಷನ್, ಕಿಡ್ನಿ ತೊಂದರೆ, ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲೆಂದು ಕೊಡುವ ಔಷಧ) ಅಲರ್ಜಿ, ಗರ್ಭಿಣಿಯಾಗಿರುವ ಸಾಧ್ಯತೆ, ಇದ್ದದ್ದೆಲ್ಲ ಮುಂಚೆಯೇ ಹೇಳಿ. ಪೇಸ್‌ಮೇಕರ್ ಅಥವಾ ಮೈಯೊಳಗೆ ಲೋಹದ ಚೂರು ಇದ್ದರೆ, ಎಂಆರ್‌ಐ ಕೋಣೆಯ ಬಾಗಿಲು ದಾಟುವ ಮೊದಲೇ ತಿಳಿಸಿ. ಅಲ್ಲಿನ ಅಯಸ್ಕಾಂತ ಸ್ಕ್ಯಾನ್ ನಡೆಯದಿದ್ದಾಗಲೂ ಆನ್ ಆಗಿಯೇ ಇರುತ್ತದೆ.