ನೋವಿಗೆ ತಕ್ಕ ಬಣ್ಣ

ಸ್ನೇಹಿತರೇ,

ಅಮೆರಿಕದ ರೈತ ಮಹಿಳೆ ಅನ್ನಾ ಮೇರಿ ರಾಬರ್ಟ್‌ಸನ್ ಮೋಸೆಸ್ ಹುಟ್ಟಿದ್ದು 1860ರಲ್ಲಿ. ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಪ್ಪತ್ತು ದಾಟಿದ ಮೇಲೆ ಸಂಧಿವಾತದಿಂದ ಕಸೂತಿಯ ಸೂಜಿ ಹಿಡಿಯುವುದೇ ಕಷ್ಟವಾಯಿತು, ಬ್ರಷ್ ಹಿಡಿದರು. ಸೂಜಿಯನ್ನು ಎರಡು ಬೆರಳ ತುದಿಯಲ್ಲಿ ಒತ್ತಿ ಹಿಡಿಯಬೇಕು. ಬ್ರಷ್ಷನ್ನಾದರೆ ಸಡಿಲವಾಗಿ ಹಿಡಿದು ತೋಳಿನಿಂದ ಎಳೆಯಬಹುದು. 'ಗ್ರ್ಯಾಂಡ್‌ಮಾ ಮೋಸೆಸ್' ಎಂದು ಹೆಸರಾದ ಅವರು 101ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಚಿತ್ರ ಬರೆದಿದ್ದರು.

ನಾನು ಒತ್ತಿ ಹೇಳಬೇಕೆಂದಿರುವುದು ಇಲ್ಲೇ ಇದೆ. ನೋವಿನ ನಡುವೆ ತಾವಾಗಿಯೇ ಚಿತ್ರಕಲೆ ಕಲಿಯುವವರು ಏನು ಬರೆಯಲಿ ಎಂದು ಕೇಳುತ್ತಾರೆ. ಯಾವುದರಲ್ಲಿ ಬರೆಯಲಿ ಎಂದು ಮೊದಲು ಕೇಳಿಕೊಳ್ಳಬೇಕು. 1941ರ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚು ಹೊತ್ತು ನಿಲ್ಲಲಾಗದ ಫ್ರಾನ್ಸಿನ ಕಲಾವಿದ ಆಂರಿ ಮಾತಿಸ್, ಬಣ್ಣ ಬಳಿಸಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿಯೇ ಚಿತ್ರ ಕಟ್ಟಿದರು. 1925ರ ಬಸ್ ಅಪಘಾತದಿಂದ ಹಾಸಿಗೆ ಹಿಡಿದ ಮೆಕ್ಸಿಕೋದ ಕಲಾವಿದೆ ಫ್ರೀಡಾ ಕಾಹ್ಲೋಗೆ ಮಲಗಿದಲ್ಲೇ ಬರೆಯುವಂಥ ಈಸೆಲ್, ಅಂದರೆ ಚಿತ್ರ ಆನಿಸಿಡುವ ಚೌಕಟ್ಟು, ಮಾಡಿಸಿಕೊಟ್ಟರು. ದೇಹಕ್ಕೆ ಆಗದ್ದನ್ನು ಒಪ್ಪಿಕೊಂಡೇ ಅವರ ಕೈ ದಾರಿ ಕಂಡುಕೊಂಡಿತು.

ಕೈ ನಡುಗುವವರಿಗೆ ಸಣ್ಣ ಬ್ರಷ್ ಶತ್ರು. ಒಂದಿಂಚು ಅಗಲದ ಚಪ್ಪಟೆ ಬ್ರಷ್ ತೆಗೆದುಕೊಂಡು, ಹಿಡಿಕೆಗೆ ಬಟ್ಟೆ ಸುತ್ತಿ ಹೆಬ್ಬೆರಳಿನಷ್ಟು ದಪ್ಪ ಮಾಡಿ. ದಪ್ಪ ಹಿಡಿಕೆಗೆ ಬಿಗಿ ಹಿಡಿತ ಬೇಕಿಲ್ಲ. ಬೇಗ ದಣಿಯುವವರಿಗೆ ತೈಲವರ್ಣ ಹೊಂದಬಹುದು. ದಿನಗಟ್ಟಲೆ ಒಣಗದ ಕಾರಣ ಅರ್ಧಕ್ಕೆ ಬಿಟ್ಟು ಮರುದಿನ ಮುಂದುವರಿಸಬಹುದು. ಆದರೆ ಅದನ್ನು ತೆಳುಮಾಡಲು ಬಳಸುವ ಟರ್ಪೆಂಟೈನ್ ದ್ರವದ ಆವಿ ಉಸಿರಾಟದ ತೊಂದರೆ ಇರುವವರಿಗೆ ಬೇಡವೇ ಬೇಡ. ನೀರಿನಲ್ಲಿ ಕಲಸುವ ಆಕ್ರಿಲಿಕ್ ಬಣ್ಣ ತೆಳುವಾಗಿ ಹಚ್ಚಿದರೆ ನಿಮಿಷಗಳಲ್ಲಿ ಒಣಗುತ್ತದೆ, ತಪ್ಪಿದ ಕಡೆ ಮೇಲೆ ಹಚ್ಚಬಹುದು. ತಪ್ಪಿಗೆ ಹೆದರುವ ಮನಸ್ಸಿಗೆ ಇದೇ ಒಳ್ಳೆಯದು.

ಜಲವರ್ಣದ ಮಾತು ಬೇರೆ. ಅದು ತಾಳ್ಮೆಯನ್ನು ಬೇಡುತ್ತದೆ, ತಾಳ್ಮೆಯನ್ನು ಕಲಿಸುತ್ತದೆ ಕೂಡ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ) ಇರಲಿ. ತೆಳು ಕಾಗದ ನೀರು ಕುಡಿದು ಉಬ್ಬಿ, ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ. 'ನನಗೆ ಬರುವುದಿಲ್ಲ' ಎಂದು ಎದ್ದುಹೋದ ಎಷ್ಟೋ ಜನರಿಗೆ ಕೈಕೊಟ್ಟದ್ದು ಕಾಗದ. ತಿಂಗಳ ಮಟ್ಟಿಗೆ ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಕಂದು, ಒಂದು ಹಳದಿ, ಇಷ್ಟೇ ಸಾಕು. ನೀಲಿಯೂ ಕಂದೂ ಸೇರಿದರೆ ಬೂದು. ನೀಲಿ ಹೆಚ್ಚಾದರೆ ಮಳೆಮೋಡದ ತಂಪು, ಕಂದು ಹೆಚ್ಚಾದರೆ ಒಣಮಣ್ಣಿನ ಬಿಸುಪು. ನಾಲ್ಕೈದು ಬಣ್ಣ ಕಲಸಿದರೆ ರಾಡಿ. ನೀರಿಗೆ ಎರಡು ಲೋಟ ಇಡಿ: ಒಂದು ಬ್ರಷ್ ತೊಳೆಯಲು, ಇನ್ನೊಂದು ಬಣ್ಣ ಕಲಸಲು.

ಹೊಸಬರ ಕಣ್ಣೀರು ಹೆಚ್ಚಾಗಿ ಒಂದೇ ಗಳಿಗೆಯಲ್ಲಿ ಬರುತ್ತದೆ. ಆಕಾಶ ಹಚ್ಚಿದ್ದೀರಿ. ಹೊಳಪು ಹೋಗಿದೆ, ಆದರೆ ಕೈಹಿಂಭಾಗ ತಾಕಿಸಿದರೆ ಕಾಗದ ಇನ್ನೂ ತಣ್ಣಗಿದೆ. ಆಗ 'ಸ್ವಲ್ಪ ಸರಿಮಾಡೋಣ' ಎಂದು ಒದ್ದೆ ಬ್ರಷ್ ಇಡುತ್ತೀರಿ. ಹೊಸ ನೀರು ಅರೆಒಣಗಿದ ಬಣ್ಣವನ್ನು ಹೊರಕ್ಕೆ ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಬಿಡುತ್ತದೆ. ಹೂಕೋಸಿನಂಥ ಕಲೆ ಅರಳುತ್ತದೆ. ಅದನ್ನು ತಿದ್ದಲು ಹೋದಷ್ಟೂ ಹಬ್ಬುತ್ತದೆ. ಬ್ರಷ್ ಕೆಳಗಿಡಿ. ಪೂರ್ತಿ ಒಣಗಿದ ಮೇಲೆ ಹಿಂಡಿದ ಬ್ರಷ್ಷಿನಿಂದ ಅಂಚನ್ನು ಮೆಲ್ಲಗೆ ಉಜ್ಜಿ, ಬಟ್ಟೆಯಿಂದ ಒತ್ತಿ ತೆಗೆಯಿರಿ. ಕೈಕಟ್ಟಿ ಕೂತ ಆ ಕಾಲು ಗಂಟೆಯಲ್ಲಿ ಗಮನವೆಲ್ಲ ಕಾಗದದ ತೇವದ ಮೇಲಿರುತ್ತದೆ. ಚಿಂತೆ ಸುಮ್ಮನಾಗುವುದು ಅಲ್ಲೇ ಎಂದು ನನ್ನ ನಂಬಿಕೆ.

'ಆರ್ಟ್ ಥೆರಪಿ' ಎಂಬ ಮಾತನ್ನು 1942ರಲ್ಲಿ ಬಳಕೆಗೆ ತಂದವರು ಬ್ರಿಟನ್ನಿನ ಕಲಾವಿದ ಏಡ್ರಿಯನ್ ಹಿಲ್; ಕ್ಷಯದಿಂದ ಆರೋಗ್ಯಧಾಮದಲ್ಲಿದ್ದಾಗ ಬರೆಯುತ್ತಾ ಬರೆಯುತ್ತಾ ಅದರ ಬಲ ಕಂಡುಕೊಂಡವರು. ಇಂದು ಅದು ತರಬೇತಿ ಬೇಡುವ ವೃತ್ತಿ. ಮನೆಯಲ್ಲಿ ಒಬ್ಬರೇ ಬರೆಯುವುದನ್ನೂ ಅದನ್ನೂ ಒಂದೇ ಎಂದುಕೊಳ್ಳಬೇಡಿ. ಭೀಕರ ಘಟನೆ ಕಂಡವರು ಅದನ್ನೇ ರಾತ್ರಿ ಒಬ್ಬರೇ ಕೂತು ಬರೆದರೆ ಗಾಯ ಕೆದಕಿದಂತಾಗಬಹುದು. ಮೊದಲ ವಾರಗಳಲ್ಲಿ ಲೋಟ, ಎಲೆ, ಕಿಟಕಿಯ ಬೆಳಕು ಸಾಕು. ಇಪ್ಪತ್ತು ನಿಮಿಷಕ್ಕೆ ಗಡಿಯಾರ ಇಡಿ. ಬರೆಯುತ್ತಾ ಎದೆ ಬಡಿತ ಏರಿದರೆ, ನಿದ್ದೆ ಕೆಟ್ಟರೆ, ಆ ವಿಷಯವನ್ನು ಚಿಕಿತ್ಸಕರ ಎದುರಿಗೇ ತೆರೆಯಿರಿ. ಔಷಧಿಯನ್ನಂತೂ ಬಣ್ಣದ ಭರವಸೆಯ ಮೇಲೆ ನಿಲ್ಲಿಸಬೇಡಿ.

ಬರೆದದ್ದನ್ನು ಅದೇ ದಿನ ಹರಿಯಬೇಡಿ. ದಣಿದ ಕಣ್ಣಿಗೆ ಎಲ್ಲವೂ ಕೆಟ್ಟದ್ದೇ. ಹಿಂಬದಿಯಲ್ಲಿ ತಾರೀಖು ಹಾಕಿ, ವಾರ ಬಿಟ್ಟು ತೆಗೆಯಿರಿ. ರಟ್ಟಿನಿಂದ ಮೂಲೆಮಟ್ಟದಂಥ (ಇಂಗ್ಲಿಷಿನ L ಆಕಾರದ) ಎರಡು ತುಂಡು ಕತ್ತರಿಸಿ, ಎದುರುಬದುರು ಜೋಡಿಸಿದರೆ ಹಿಗ್ಗಿಸಿ ಕುಗ್ಗಿಸಬಹುದಾದ ಚೌಕಟ್ಟಾಗುತ್ತದೆ. ಕೆಟ್ಟಿತೆಂದ ಹಾಳೆಯ ಮೇಲೆ ಅದನ್ನು ಸರಿಸುತ್ತಾ ಹೋಗಿ. ಎಲ್ಲೋ ಒಂದು ಮೂಲೆಯಲ್ಲಿ, ಎರಡು ಬೆರಳಗಲದಷ್ಟು ಜಾಗದಲ್ಲಿ, ನೀಲಿ ಕಂದಿಗೆ ಇಳಿದ ರೀತಿ ಸರಿಯಾಗಿ ಬಂದಿರುತ್ತದೆ. ಸುತ್ತ ಪೆನ್ಸಿಲ್ ಗೆರೆ ಎಳೆಯಿರಿ. ನಾಳೆಯ ಹಾಳೆಯನ್ನು ಅಷ್ಟನ್ನೇ ದೊಡ್ಡದಾಗಿ ಬರೆಯುತ್ತಾ ಶುರುಮಾಡಿ.