ವಂಶದ ಹುಡುಕಾಟ: ಯಾವ ದಫ್ತರಕ್ಕೆ ಚಂದಾ?

ಕೇಳುಗರಿಗೆ ನಮಸ್ಕಾರ.

ನಿಮ್ಮ ಮುತ್ತಜ್ಜ ಯಾರು, ಎಲ್ಲಿಂದ ಬಂದವರು ಎಂದು ವಂಶದ ದಾಖಲೆ ಹುಡುಕಿಕೊಡುವ ಜಾಲತಾಣವೊಂದರ ಜಾಹೀರಾತು ಮೊಬೈಲಿನಲ್ಲಿ ಕೇಳುತ್ತದೆ. ಶತಕೋಟಿಗಟ್ಟಲೆ ದಾಖಲೆ ನಮ್ಮಲ್ಲಿದೆ, ಮೊದಲ ಎರಡು ವಾರ ಪುಕ್ಕಟೆ, ಕಾರ್ಡಿನ ಸಂಖ್ಯೆಯೊಂದನ್ನು ಕೊಟ್ಟರೆ ಸಾಕು ಎನ್ನುತ್ತದೆ. ಹಾಗೆ ಕೊಟ್ಟವರೊಬ್ಬರು ನನಗೆ ಗೊತ್ತು. ವಿಜಯಪುರದ ಕಡೆಯ ಒಕ್ಕಲು ಮನೆತನ ಅವರದು. ವರ್ಷದ ಚಂದಾ ಕಟ್ಟಿದರು, ಅಜ್ಜನ ಹೆಸರನ್ನು ತಾವೇ ತುಂಬಿದರು, ಆಮೇಲೆ ವರ್ಷವಿಡೀ ತಾವು ತುಂಬಿದ ಅಜ್ಜನನ್ನಷ್ಟೇ ಅಲ್ಲಿ ನೋಡಿದರು. ತಾಣದವರು ಮೋಸ ಮಾಡಿರಲಿಲ್ಲ. ಅವರಲ್ಲಿದ್ದ ದಾಖಲೆ ಬೇರೆ, ಇವರಿಗೆ ಬೇಕಾಗಿದ್ದ ದಾಖಲೆ ಬೇರೆ.

ಯಾವ ಜಾಲತಾಣ ಒಳ್ಳೆಯದು ಎಂದು ಕೇಳಿದವರಿಗೆಲ್ಲ ನಾನು ಎದುರು ಪ್ರಶ್ನೆ ಹಾಕುತ್ತೇನೆ. ನಿಮ್ಮ ಹಿರಿಯರ ಹೆಸರನ್ನು ಅವರ ಕಾಲದಲ್ಲಿ ಬರೆದುಕೊಂಡವರು ಯಾರು? ಪಾದ್ರಿಯೇ, ಪಲ್ಟನ್ನಿನ ಗುಮಾಸ್ತನೇ, ಶಾನುಭೋಗರೇ? ಬರೆದ ಆ ಪುಸ್ತಕ ಈಗ ಯಾವ ಊರಿನ ಯಾವ ಕಪಾಟಿನಲ್ಲಿದೆ? ಅದರ ಚಿತ್ರ ತೆಗೆದು ಅಂತರ್ಜಾಲಕ್ಕೆ ಏರಿಸಿದವರು ಯಾರು? ಇವಕ್ಕೆ ಉತ್ತರ ಸಿಕ್ಕರೆ ತಾಣದ ಹೆಸರನ್ನು ನಾನು ಹೇಳಬೇಕಾಗಿಲ್ಲ. ಉತ್ತರ ಸಿಗದಿದ್ದರೆ ಶತಕೋಟಿ ದಾಖಲೆಗಳ ಲೆಕ್ಕ ಕಟ್ಟಿಕೊಂಡು ನಮಗೇನಾಗಬೇಕು? ಅವುಗಳಲ್ಲಿ ಬಹುಪಾಲು ಓಹಿಯೋದ ರೈತರದು, ಯಾರ್ಕ್‌ಶೈರಿನ ಗಿರಣಿ ಕೆಲಸದವರದು.

ಹಣ ಕೇಳುವ ದೊಡ್ಡ ತಾಣಗಳು ಮೂರು. ಅಮೆರಿಕದ ಯೂಟಾ ರಾಜ್ಯದಲ್ಲಿ ನೆಲೆಸಿರುವ ಆನ್ಸೆಸ್ಟ್ರಿ ಎಲ್ಲಕ್ಕಿಂತ ದೊಡ್ಡದು; ಅಮೆರಿಕ, ಬ್ರಿಟನ್, ಕೆನಡಾ ಅದರ ಬಲ. ಬ್ರಿಟನ್ನಿನ ಫೈಂಡ್‌ಮೈಪಾಸ್ಟ್ ಗಾತ್ರದಲ್ಲಿ ಚಿಕ್ಕದು, ಆದರೆ ನಮ್ಮ ಮಾತಿಗೆ ಅದೇ ಮುಖ್ಯ. ಏಕೆಂದು ಮುಂದೆ ಹೇಳುತ್ತೇನೆ. ಇಸ್ರೇಲಿನ ಮೈಹೆರಿಟೇಜ್ ಯುರೋಪ್ ಖಂಡದ ಕುಟುಂಬಗಳಿಗೆ ಒದಗುವಂಥದು. ಇವುಗಳ ಪಕ್ಕದಲ್ಲಿ ಫ್ಯಾಮಿಲಿಸರ್ಚ್ ಇದೆ, ಅದಕ್ಕೆ ಕಾಸು ಬೇಡ. ಯೂಟಾದ ಮಾರ್ಮನ್ ಚರ್ಚ್ ನಡೆಸುವ ತಾಣ ಅದು. ಸತ್ತ ಹಿರಿಯರಿಗಾಗಿ ವಿಧಿಗಳನ್ನು ನಡೆಸುವುದು ಅವರ ಧರ್ಮದ ಭಾಗ. ಅದಕ್ಕೆಂದು 1894ರಲ್ಲಿ ಒಂದು ಸಂಘ ಕಟ್ಟಿಕೊಂಡು, 1938ರಿಂದ ಊರೂರಿನ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುತ್ತಾ ಬಂದರು. ಅವರ ಶ್ರದ್ಧೆಯ ಫಲ ನಮಗೆ ಪುಕ್ಕಟೆಯಾಗಿ ಸಿಗುತ್ತಿದೆ. ಯಾವ ಚಂದಾ ಕಟ್ಟುವ ಮೊದಲೂ ಅಲ್ಲಿ ಹುಡುಕಿ ಮುಗಿಸಿರಬೇಕು ಎನ್ನುವುದು ನನ್ನ ಹಟ.

ಹಾಗಾದರೆ ನಮ್ಮ ಕರ್ನಾಟಕದಲ್ಲಿ ಹಣ ಕಟ್ಟಿ ಪ್ರಯೋಜನ ಪಡೆಯುವವರು ಯಾರೂ ಇಲ್ಲವೇ? ಇದ್ದಾರೆ. ಬೆಂಗಳೂರು ದಂಡಿನ ಆಂಗ್ಲೋ ಇಂಡಿಯನ್ ಕುಟುಂಬಗಳು, ಕೋಲಾರದ ಚಿನ್ನದ ಗಣಿಯ ಹಳೆಯ ಕುಟುಂಬಗಳು, ರೈಲ್ವೆಯ ಕೆಲಸಕ್ಕೆಂದು ಹುಬ್ಬಳ್ಳಿಗೆ ಬಂದು ನಿಂತವರು, ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟದ ದೊರೆಗಳ ಸಂತತಿ. ಇವರಲ್ಲಿ ಎಷ್ಟೋ ಮಂದಿ ಈಗ ಆಸ್ಟ್ರೇಲಿಯಾ, ಇಂಗ್ಲೆಂಡ್, ಕೆನಡಾಗಳಲ್ಲಿದ್ದಾರೆ. ಇಲ್ಲಿ ಉಳಿದವರೂ ಇದ್ದಾರೆ.

ಬೆಂಗಳೂರು ದಂಡಿನ ಕುಟುಂಬವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮುತ್ತಜ್ಜಿಯ ಮದುವೆ ಸುಮಾರು 1890ರಲ್ಲಿ ದಂಡಿನ ಚರ್ಚಿನಲ್ಲಿ ಆಯಿತು, ಮುತ್ತಜ್ಜ ಗೋರಾ ಪಲ್ಟನ್ನಿನ ಸಿಪಾಯಿಯ ಮಗ, ಐರ್ಲೆಂಡಿನವರಂತೆ. ಮನೆಯಲ್ಲಿ ಉಳಿದಿರುವುದು ಈ ‘ಅಂತೆ’ ಮಾತ್ರ.

ಭಾರತದಲ್ಲಿದ್ದ ಪಾದ್ರಿಗಳು ತಾವು ಮಾಡಿಸಿದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ನಕಲನ್ನು ಮೇಲಿನವರಿಗೆ ಕಳಿಸಬೇಕಾಗಿತ್ತು. ಆ ನಕಲುಗಳು ಬಂಗಾಳ, ಮದರಾಸು, ಬೊಂಬಾಯಿ ಎಂಬ ಮೂರು ಸಾಲಾಗಿ ಲಂಡನ್ನಿಗೆ ಹೋಗಿ ಸೇರಿದವು. ಮದರಾಸಿನ ಸಾಲು 1698ರಿಂದ ಆರಂಭವಾಗುತ್ತದೆ. ಇವೆಲ್ಲ ಇಂದು ಬ್ರಿಟಿಷ್ ಲೈಬ್ರರಿಯಲ್ಲಿ, ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸ್ ಎಂಬ ಇಲಾಖೆಯ ದಾಖಲೆಗಳಲ್ಲಿವೆ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದರೂ ದಂಡು ಬ್ರಿಟಿಷರ ಆಡಳಿತದಲ್ಲೇ ಉಳಿಯಿತು, ಚರ್ಚಿನ ಲೆಕ್ಕವೆಲ್ಲ ಮದರಾಸಿಗೆ ಹೋಗುತ್ತಿತ್ತು. ಹುಡುಕುವ ಜಾಗದಲ್ಲಿ ‘ಮೈಸೂರು’ ಎಂದು ಬರೆದು, ಏನೂ ಇಲ್ಲ ಎಂದು ಕೈಚೆಲ್ಲುವವರು ಬಹಳ. ಮದರಾಸು ಎಂದು ಹುಡುಕಬೇಕು. ಬಳ್ಳಾರಿ, ಮಂಗಳೂರುಗಳಿಗೂ ಮದರಾಸೇ. ಧಾರವಾಡ, ಬೆಳಗಾವಿಯವರು ಬೊಂಬಾಯಿಯ ಸಾಲನ್ನು ನೋಡಬೇಕು.

ಈ ಪುಸ್ತಕಗಳ ಸೂಚಿ, ಅಂದರೆ ಹೆಸರು, ದಿನಾಂಕ, ಊರುಗಳ ಪಟ್ಟಿ, ಫ್ಯಾಮಿಲಿಸರ್ಚ್‌ನಲ್ಲಿ ಬಹುಮಟ್ಟಿಗೆ ಪುಕ್ಕಟೆ ಸಿಗುತ್ತದೆ. ಬ್ರಿಟಿಷರ ಕಾಲದ ಭಾರತದ ಕುಟುಂಬಗಳಿಗೆಂದೇ ಇರುವ ಫಿಬಿಸ್ ಎಂಬ ಸಂಘದ ತಾಣದಲ್ಲೂ ಕಾಸು ಕೊಡದೆ ಹುಡುಕಬಹುದು. ಪುಟದ ಚಿತ್ರವನ್ನೇ ಮನೆಯಲ್ಲಿ ಕುಳಿತು ನೋಡಬೇಕೆಂದರೆ ಫೈಂಡ್‌ಮೈಪಾಸ್ಟ್‌ಗೆ ಹೋಗಬೇಕು, ಅಲ್ಲಿ ಚಂದಾ. ಸೂಚಿ ಸಾಲದೇ ಎಂದು ಕೇಳಬಹುದು. ಸಾಲದು. ಮದುವೆಯ ಪುಟದಲ್ಲಿ ವಧೂವರರ ವಯಸ್ಸು, ವರನ ಉದ್ಯೋಗ, ವಾಸದ ಜಾಗ, ಇಬ್ಬರ ತಂದೆಯರ ಹೆಸರು, ಸಾಕ್ಷಿ ಹಾಕಿದವರ ಹೆಸರು ಇರುತ್ತವೆ. ಸಾಕ್ಷಿಗಳಂತೂ ಹೆಚ್ಚಾಗಿ ಅಕ್ಕನ ಗಂಡನೋ, ಅದೇ ಕಂಪನಿಯ ಗೆಳೆಯನೋ ಆಗಿರುತ್ತಾರೆ. ಅಲ್ಲಿಂದ ಇನ್ನೊಂದು ದಾರಿ ತೆರೆಯುತ್ತದೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಲಂಡನ್ನಿಗೆ ಹೋದದ್ದು ನಕಲು. ನಕಲು ಮಾಡುವವನ ಕೈ ಜಾರಿದ ಕಡೆ ಹೆಸರು ಕೆಟ್ಟಿದೆ. ಎಲ್ಲ ಚರ್ಚುಗಳ ನಕಲೂ ಹೋಗಲಿಲ್ಲ, ನಾಡಿನ ಕ್ರೈಸ್ತರ ಹೆಸರಂತೂ ಅಪರೂಪ. ಅವರು ತಮ್ಮ ಊರಿನ ಇಗರ್ಜಿಯ ಮೂಲ ಪುಸ್ತಕವನ್ನೇ ಕೇಳಬೇಕು.

ಮದುವೆಯ ಪುಟದಿಂದ ತಂದೆಯ ಹೆಸರು ಸಿಕ್ಕಿತು, ಪಲ್ಟನ್ನಿನ ಹೆಸರೂ ಸಿಕ್ಕಿತು ಎನ್ನಿ. ಪಿಂಚಣಿ ಪಡೆದ ಸಿಪಾಯಿಗಳ ಕಾಗದಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆಮನೆಯಲ್ಲಿವೆ. 1913ರವರೆಗಿನ ಅವುಗಳ ಚಿತ್ರಗಳನ್ನು ಹಾಕಿರುವುದೂ ಫೈಂಡ್‌ಮೈಪಾಸ್ಟ್. ಸಿಪಾಯಿ ಹುಟ್ಟಿದ ಊರು, ಸೇನೆ ಸೇರುವ ಮೊದಲು ಮಾಡುತ್ತಿದ್ದ ಕೆಲಸ, ಎತ್ತರ, ಕಣ್ಣಿನ ಬಣ್ಣ, ಕುಡಿದು ಶಿಕ್ಷೆ ತಿಂದ ದಿನ ಸಹ ಅಲ್ಲಿ ಬರೆದಿರುತ್ತದೆ. ಮೊದಲ ಮಹಾಯುದ್ಧದ ಸಿಪಾಯಿಗಳ ಕಡತಗಳನ್ನು ಮಾತ್ರ ಇಷ್ಟು ನಂಬಿಕೊಳ್ಳಬೇಡಿ. 1940ರ ಬಾಂಬ್ ದಾಳಿಯಲ್ಲಿ ಅವುಗಳ ಹೆಚ್ಚಿನ ಭಾಗ ಸುಟ್ಟುಹೋಯಿತು, ಉಳಿದದ್ದರ ಅಂಚುಗಳೂ ಕರಕಲು. ಯಾವ ತಾಣಕ್ಕೆ ಎಷ್ಟು ಕಟ್ಟಿದರೂ ಸುಟ್ಟದ್ದು ಸಿಗುವುದಿಲ್ಲ.

ಐರ್ಲೆಂಡಿಗೆ ಬಂದ ಮೇಲೆ ಜೇಬಿಗೆ ಕೈ ಹಾಕುವ ಅಗತ್ಯ ಬಹಳ ಕಡಿಮೆ. 1922ರಲ್ಲಿ ಡಬ್ಲಿನ್ನಿನ ದಾಖಲೆಮನೆ ಬೆಂಕಿಗೆ ಆಹುತಿಯಾಗಿ ಆ ದೇಶ ಬಹಳವನ್ನು ಕಳೆದುಕೊಂಡಿತು. ಉಳಿದದ್ದನ್ನು ಸರ್ಕಾರ ಜನರಿಗೆ ಧಾರಾಳವಾಗಿ ಬಿಟ್ಟುಕೊಟ್ಟಿದೆ. 1901 ಮತ್ತು 1911ರ ಜನಗಣತಿಯ ಹಾಳೆಗಳು ಪುಕ್ಕಟೆ. 1864ರಿಂದ ಮೊದಲಾಗುವ ಜನನ ಮರಣ ನೋಂದಣಿಯಲ್ಲಿ ಹಳೆಯವು ಪುಕ್ಕಟೆ. ಕ್ಯಾಥೊಲಿಕ್ ಚರ್ಚುಗಳ ಹಳೆಯ ಪುಸ್ತಕಗಳ ಚಿತ್ರಗಳು 2015ರಿಂದ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಪುಕ್ಕಟೆ. ಹೀಗಾಗಿ ಈ ಕುಟುಂಬಕ್ಕೆ ಬೇಕಾಗುವುದು ಒಂದೇ ತಾಣ, ಅದೂ ಒಂದು ತಿಂಗಳಿಗೆ. ಮೊದಲು ಸೂಚಿಗಳಿಂದ ಪಟ್ಟಿ ಮಾಡಿಕೊಂಡು, ಬಿಡುವಿರುವ ತಿಂಗಳನ್ನು ಆರಿಸಿ, ಆಗ ಚಂದಾ ಕಟ್ಟಿ, ಕುಳಿತು ಚಿತ್ರಗಳನ್ನೆಲ್ಲ ಇಳಿಸಿಕೊಂಡುಬಿಡಬೇಕು.

ಮುತ್ತಜ್ಜ ಕೋಲಾರದ ಗಣಿಗೆ ಬಂದ ಕಾರ್ನ್‌ವಾಲಿನವನಾಗಿದ್ದರೆ, ಆ ಸೀಮೆಯ ಚರ್ಚುಗಳ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಅಕ್ಷರಕ್ಕಿಳಿಸಿ ಪುಕ್ಕಟೆ ತೆರೆದಿಟ್ಟಿದ್ದಾರೆ. ಸ್ಕಾಟ್ಲೆಂಡಿನವನಾಗಿದ್ದರೆ ಅಲ್ಲಿನ ಸರ್ಕಾರದ್ದೇ ಆದ ಸ್ಕಾಟ್ಲೆಂಡ್ಸ್‌ಪೀಪಲ್ ಇದೆ. ಅಲ್ಲಿ ಚಂದಾ ಇಲ್ಲ. ನೋಡಿದ ಪುಟಕ್ಕೆ ಮಾತ್ರ ದುಡ್ಡು. ನನಗೆ ಮನಸ್ಸಿಗೆ ಹಿಡಿಸಿದ ವ್ಯವಸ್ಥೆ ಅದೇ. ಇಂಗ್ಲೆಂಡಿನವನಾಗಿದ್ದು, 1911ರಲ್ಲಿ ಪಲ್ಟನ್ನಿನ ಜೊತೆ ಬೆಂಗಳೂರಿನಲ್ಲೇ ಇದ್ದಿದ್ದರೆ, ಅವನನ್ನು ಇಂಗ್ಲೆಂಡಿನ ಜನಗಣತಿಯಲ್ಲಿ ಹುಡುಕಿ. ಹೊರದೇಶಗಳಲ್ಲಿದ್ದ ಸೈನಿಕರನ್ನು, ಜೊತೆಗಿದ್ದ ಹೆಂಡತಿ ಮಕ್ಕಳನ್ನು ಆ ವರ್ಷ ಎಣಿಸಿದ್ದರು. ಅದು ಆನ್ಸೆಸ್ಟ್ರಿಯಲ್ಲೂ ಇದೆ, ಫೈಂಡ್‌ಮೈಪಾಸ್ಟ್‌ನಲ್ಲೂ ಇದೆ, ಎರಡಕ್ಕೂ ಕಟ್ಟಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ ನೆಂಟರಿದ್ದರೆ ಇನ್ನೂ ಒಂದು ಅನುಕೂಲ. ಅಲ್ಲಿನ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳ ಗಣಕಯಂತ್ರಗಳಲ್ಲಿ ಆನ್ಸೆಸ್ಟ್ರಿಯನ್ನು ಓದುಗರು ಪುಕ್ಕಟೆ ಬಳಸಬಹುದು. ತಂಗಿಯ ಮಗ ಲಂಡನ್ನಿನಲ್ಲಿ ಓದುತ್ತಿದ್ದರೆ ಶನಿವಾರ ಒಂದು ಗಂಟೆ ಅವನಿಗೆ ಈ ಕೆಲಸ ಹಚ್ಚಿ.

ಇನ್ನು ಹೆಚ್ಚಿನ ಕನ್ನಡಿಗರ ಮಾತು. ನಮ್ಮ ಹಿರಿಯರನ್ನೂ ಬ್ರಿಟಿಷರು ಎಣಿಸಿದರಲ್ಲ, ಆ ಜನಗಣತಿ ಎಲ್ಲಿ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಪ್ರಕಟವಾಗುವುದು ಒಟ್ಟು ಅಂಕಿ ಅಂಶ ಮಾತ್ರ. ಮನೆಮನೆಯ ಹಾಳೆಗಳನ್ನು ಯಾರೂ ನೋಡುವಂತಿಲ್ಲ ಎಂದು 1948ರ ಜನಗಣತಿ ಕಾಯಿದೆಯೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಮೇಲೆ ತೆರೆಯುತ್ತಾರೆ, 1921ರದ್ದನ್ನು 2022ರ ಜನವರಿಯಲ್ಲಿ ತೆರೆದರು. ಇಲ್ಲಿ ಅಂಥ ಪದ್ಧತಿ ಇಲ್ಲ. ಆದ್ದರಿಂದ ವಿದೇಶದ ತಾಣಗಳು ನಮ್ಮ ರೈತಾಪಿ, ಕಸುಬುದಾರ ಮನೆತನಗಳಿಗೆ ಮಾರಲು ಸರಕೇ ಹೊಂದಿಲ್ಲ.

ನಮ್ಮಲ್ಲಿ ವಂಶವೃಕ್ಷ ಕಾಗದಕ್ಕೆ ಇಳಿಯುವುದು ಹೆಚ್ಚಾಗಿ ಪ್ರೀತಿಯಿಂದಲ್ಲ, ಆಸ್ತಿಯಿಂದ. ಪೌತಿ ಖಾತೆ ಮಾಡಿಸುವಾಗ, ವಾರಸಾ ಬರೆಸುವಾಗ, ಅಣ್ಣತಮ್ಮಂದಿರು ಪಾಲಿಗಾಗಿ ದಾವೆ ಹೂಡುವಾಗ ವಂಶಾವಳಿ ಬೇಕಾಗುತ್ತದೆ. ಎಂಬತ್ತು ವರ್ಷದ ಹಿಂದಿನ ವಿಭಾಗದ ದಾವೆಯ ಅರ್ಜಿಯೊಂದು ಮನೆಯ ಅಟ್ಟದಲ್ಲಿ ಸಿಕ್ಕರೆ ನಾಲ್ಕು ತಲೆಮಾರು ಒಮ್ಮೆಗೇ ಕೈಗೆ ಬಂದಂತೆ. ಜಗಳಗಂಟ ಮನೆತನಗಳ ಇತಿಹಾಸ ಬರೆಯುವುದು ಸುಲಭ. ಒಗ್ಗಟ್ಟಾಗಿದ್ದವರ ಬಗ್ಗೆ ಏನೂ ಸಿಗುವುದಿಲ್ಲ.

ಉತ್ತರ ಕರ್ನಾಟಕದವರಿಗೆ ಹೆಳವರು ಇದ್ದಾರೆ. ಎತ್ತನ್ನು ಸಿಂಗರಿಸಿಕೊಂಡು ಊರಿಗೆ ಬಂದು, ಮನೆಯ ಮುಂದೆ ನಿಂತು, ಹಿಂದಿನ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಬರುವವರು. ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು, ಕಾಳುಕಡಿ, ಬಟ್ಟೆ, ಕೆಲವೊಮ್ಮೆ ಕರು ಪಡೆದು ಹೋಗುತ್ತಾರೆ. ಚಂದಾ ಪದ್ಧತಿ ಎಂದರೆ ಇದೇ ಅಲ್ಲವೇ? ಕಾರ್ಡಿನ ಬದಲು ಜೋಳ, ಅಷ್ಟೇ ವ್ಯತ್ಯಾಸ. ನಾನು ಮೊದಲು ಹೇಳಿದ ವಿಜಯಪುರದ ಮನೆತನದವರು ತಮ್ಮ ಹೆಳವರು ಯಾರೆಂದು ಊರಿನಲ್ಲಿ ವಿಚಾರಿಸಬೇಕಾಗಿತ್ತು. ಗಯಾ, ತ್ರ್ಯಂಬಕಗಳಿಗೆ ಹಿರಿಯರು ಹೋಗಿ ಬಂದ ಮನೆತನಗಳು ಅಲ್ಲಿನ ಪಂಡರ, ಅಂದರೆ ತೀರ್ಥಕ್ಷೇತ್ರದ ಪುರೋಹಿತರ, ವಹಿಗಳಲ್ಲೂ ನೋಡಬಹುದು. ಹರಿದ್ವಾರದ ಪಂಡರ ವಹಿಗಳಲ್ಲಿ ಬಹಳಷ್ಟನ್ನು ಫ್ಯಾಮಿಲಿಸರ್ಚ್‌ನವರು ಚಿತ್ರ ತೆಗೆದು ಹಾಕಿದ್ದಾರೆ, ಆದರೆ ಅವು ಹೆಚ್ಚಾಗಿ ಉತ್ತರ ಭಾರತದ ಮನೆತನಗಳಿಗೆ ಸೇರಿದವು.

ದುಡ್ಡಿನ ವಿಷಯ. ಎರಡು ವಾರ ಪುಕ್ಕಟೆ ಎಂದರೆ ಅದು ಮುಗಿದ ದಿನ ಪೂರ್ತಿ ಚಂದಾ ತಾನಾಗಿಯೇ ಕಾರ್ಡಿನಿಂದ ಹೋಗುತ್ತದೆ ಎಂದರ್ಥ. ಎಷ್ಟೋ ಸಲ ಅದು ಆರು ತಿಂಗಳ ಅಥವಾ ವರ್ಷದ ಚಂದಾ. ನಮ್ಮ ದೇಶದ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರಿನಿಂದ ಬಿಗಿ ನಿಯಮ ತಂದಿದೆ. ಹೀಗೆ ಮರಳಿ ಮರಳಿ ಹೋಗುವ ಹಣಕ್ಕೆ ಮೊದಲೇ ನಮ್ಮ ಒಪ್ಪಿಗೆ ಬೇಕು, ಪ್ರತಿ ಸಲ ಹಣ ಕಡಿಯುವ ಒಂದು ದಿನ ಮುಂಚೆ ಬ್ಯಾಂಕು ಸಂದೇಶ ಕಳಿಸಬೇಕು. ಆ ಸಂದೇಶವನ್ನು ಓದದೆ ಅಳಿಸಬೇಡಿ. ಡಾಲರ್, ಪೌಂಡುಗಳಲ್ಲಿ ತೋರಿಸಿದ ಬೆಲೆಗೆ ಬ್ಯಾಂಕಿನ ವಿನಿಮಯ ಶುಲ್ಕವೂ ಸೇರುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ. ಒಂದೇ ತಾಣದಲ್ಲೂ ಮೂರು ನಾಲ್ಕು ದರ್ಜೆಯ ಚಂದಾ ಇರುತ್ತದೆ. ನಿಮಗೆ ಬೇಕಾದ ಪುಸ್ತಕ ಯಾವ ದರ್ಜೆಯಲ್ಲಿದೆ ಎಂದು ನೋಡದೆ ಅಗ್ಗದ್ದನ್ನು ಕೊಂಡರೆ ಬಾಗಿಲ ಹೊರಗೇ ನಿಲ್ಲಬೇಕಾಗುತ್ತದೆ.

ಈ ತಾಣಗಳು ಕೊಡುವ ಸುಳಿವುಗಳ ಬಗ್ಗೆ ಒಂದು ಮಾತು. ಪರದೆಯ ಮೂಲೆಯಲ್ಲಿ ಎಲೆಯ ಗುರುತು ಮಿನುಗಿ, ನಿಮ್ಮ ಮುತ್ತಜ್ಜ ಇವರೇ ಇರಬಹುದು ಎನ್ನುತ್ತದೆ. ಒತ್ತಿದರೆ ಕಾಣುವುದು ಎಷ್ಟೋ ಸಲ ದಾಖಲೆಯಲ್ಲ, ಇನ್ಯಾರೋ ಕಟ್ಟಿದ ವಂಶವೃಕ್ಷ. ಅವರು ಮತ್ತೊಬ್ಬರಿಂದ ಎತ್ತಿಕೊಂಡಿರುತ್ತಾರೆ. ಹತ್ತು ವೃಕ್ಷಗಳಲ್ಲಿ ಒಂದೇ ಹೆಸರಿದ್ದರೆ ಹತ್ತು ಸಾಕ್ಷಿಗಳಾಗಲಿಲ್ಲ. ಒಬ್ಬನ ಊಹೆಯನ್ನು ಒಂಬತ್ತು ಮಂದಿ ನಕಲು ಮಾಡಿರಬಹುದು. ಮದರಾಸು ಪ್ರಾಂತದಲ್ಲಿ ಜಾನ್ ಸ್ಮಿತ್ ಎಂಬ ಹೆಸರಿನ ಸಿಪಾಯಿಗಳು ಎಷ್ಟು ಮಂದಿ ಇದ್ದರೋ!

ಬದುಕಿರುವವರ ವಿವರಗಳನ್ನು ಹಾಕಬೇಡಿ. ತಾಯಿಯ ತವರಿನ ಹೆಸರು, ಹುಟ್ಟಿದ ದಿನ, ಊರು ಇವೆಲ್ಲ ಬ್ಯಾಂಕಿನವರು ನಮ್ಮ ಗುರುತಿಗೆ ಕೇಳುವ ಪ್ರಶ್ನೆಗಳೇ. ಮೈಹೆರಿಟೇಜ್‌ನಿಂದ 9 ಕೋಟಿಗೂ ಹೆಚ್ಚು ಬಳಕೆದಾರರ ಮಿಂಚಂಚೆ ವಿಳಾಸಗಳು ಸೋರಿಹೋಗಿದ್ದುದು 2018ರಲ್ಲಿ ಬೆಳಕಿಗೆ ಬಂತು. ಜೊಲ್ಲು ಕಳಿಸಿ ಮೂಲ ತಿಳಿಯುವ ಪರೀಕ್ಷೆಯ ಬಗ್ಗೆಯೂ ನನಗೆ ಉತ್ಸಾಹವಿಲ್ಲ. ಆ ವ್ಯಾಪಾರದಲ್ಲಿ ಹೆಸರು ಮಾಡಿದ್ದ ಟ್ವೆಂಟಿಥ್ರೀ‌ಆ್ಯಂಡ್‌ಮಿ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ಅಂಗಡಿ ಕೈ ಬದಲಾಯಿಸಿದಾಗ ಅದರಲ್ಲಿಟ್ಟ ನಮ್ಮ ವಂಶವಾಹಿಯ ವಿವರವೂ ಕೈ ಬದಲಾಯಿಸುತ್ತದೆ.

ಚಂದಾ ನಿಲ್ಲಿಸುವ ದಿನ ಮಾಡಬೇಕಾದ ಕೆಲಸವೂ ಇದೆ. ನೀವು ಕಟ್ಟಿದ ವಂಶವೃಕ್ಷ ಸಾಮಾನ್ಯವಾಗಿ ಉಳಿಯುತ್ತದೆ, ಆದರೆ ಅದಕ್ಕೆ ಅಂಟಿಸಿದ ದಾಖಲೆಗಳ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಪ್ರತಿ ಪುಟದ ಚಿತ್ರವನ್ನು ನಿಮ್ಮ ಗಣಕಯಂತ್ರಕ್ಕೆ ಇಳಿಸಿಕೊಂಡು, ಕಡತದ ಹೆಸರಿನಲ್ಲೇ ವರ್ಷ, ಊರು, ಮೂಲ ಪುಸ್ತಕದ ಸಂಖ್ಯೆ ಬರೆಯಿರಿ. ವೃಕ್ಷವನ್ನು ಜೆಡ್‌ಕಾಮ್ ಎಂಬ ರೂಪದಲ್ಲಿ ಇಳಿಸಿಕೊಂಡರೆ ಬೇರೆ ಯಾವ ತಾಣಕ್ಕಾದರೂ ಅದನ್ನು ಒಯ್ಯಬಹುದು. ಇಷ್ಟು ಮುಗಿದ ಮೇಲೆ ರದ್ದು ಮಾಡುವ ಗುಂಡಿಯನ್ನು ಹುಡುಕಿ. ಅದನ್ನು ಮುಖಪುಟದಲ್ಲಿ ಇಟ್ಟಿರುವುದಿಲ್ಲ. ನಿಮ್ಮ ಖಾತೆಯ ಒಳಗೆ ಎರಡು ಮೂರು ಮೆಟ್ಟಿಲು ಇಳಿಯಬೇಕು. ರದ್ದಾಯಿತು ಎಂಬ ಮಿಂಚಂಚೆ ಬರುವವರೆಗೂ ಅಲ್ಲಿಂದ ಏಳಬೇಡಿ.

ನಮಸ್ಕಾರ.